ಗಿಂಬಲ್‌ಗೆ ಯಾವ ಲೆನ್ಸ್, ಯಾವ ಸೆಟ್ಟಿಂಗ್? ಮದುವೆ ಹಾಲ್‌ನಿಂದ ಮಲ್ಪೆ ಕಡಲವರೆಗೆ

ಗಿಂಬಲ್, ಅಂದರೆ ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರಿನ ಹಿಡಿಕೆ, ಕೊಂಡ ಮೇಲೆ ಎಲ್ಲರಿಗೂ ಒಂದೇ ತಲೆಬಿಸಿ. ಯಾವ ಲೆನ್ಸ್ ಹಾಕುವುದು? ಮಂಗಳೂರು, ಉಡುಪಿ ಕಡೆ ಮದುವೆ, ರೀಲ್ಸ್, ಹೋಂಸ್ಟೇ ವಿಡಿಯೋ ಮಾಡುವ ಹುಡುಗರು ಕೇಳುವುದು ಹೆಚ್ಚುಕಮ್ಮಿ ಹೀಗೆ: "ಅಣ್ಣ, 16 ತಗೊಳ್ಳಲಾ, 35 ತಗೊಳ್ಳಲಾ, ಇಲ್ಲ ಒಂದೇ ಸಲ 24-70 ತಗೊಂಡುಬಿಡಲಾ?" ಈ ಸಂಖ್ಯೆಗಳು ಲೆನ್ಸ್‌ನ ಎಂಎಂ ಅಳತೆ, ಚಿಕ್ಕದಾದಷ್ಟೂ ನೋಟ ಅಗಲ. ಕೈಯಲ್ಲಿರುವ ದುಡ್ಡು ಒಂದೇ ಲೆನ್ಸ್‌ಗೆ ಸಾಕಾಗುತ್ತದೆ. ಹಾಗಾಗಿ ಯೋಚನೆ ಮಾಡುವುದು ಸರಿಯೇ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಗಿಂಬಲ್ ಮೇಲೆ ಕೂರುವ ಮೊದಲ ಲೆನ್ಸ್ ಅಗಲವಾಗಿರಲಿ, ಹಗುರವಾಗಿರಲಿ, ಬಳಸುವಾಗ ಉದ್ದ ಬದಲಾಗದಿರಲಿ. ಎಫ್ 1.4 ಬೇಕಾ 1.8 ಸಾಕಾ (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ) ಎನ್ನುವುದು ಆಮೇಲಿನ ಮಾತು. ಕೆಲವರ ಕೆಲಸಕ್ಕೆ ಈ ಮಾತು ಹೊಂದುವುದಿಲ್ಲ, ಅದನ್ನೂ ಮುಂದೆ ಹೇಳುತ್ತೇನೆ.

ಇಲ್ಲಿ ಬರೇ 24, 35 ಅಂತ ಬರೆದರೆ ಅದು ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸಾರ್ ಕ್ಯಾಮೆರಾದ ಲೆಕ್ಕ. ನಿಮ್ಮದು ಅದಕ್ಕಿಂತ ಚಿಕ್ಕ ಸೆನ್ಸಾರ್‌ನ ಎಪಿಎಸ್-ಸಿ ಕ್ಯಾಮೆರಾ ಆದರೆ ಲೆನ್ಸ್ ಮೇಲಿನ ಸಂಖ್ಯೆಯನ್ನು 1.5ರಿಂದ ಗುಣಿಸಿ, ಕ್ಯಾನನ್ ಆದರೆ 1.6ರಿಂದ. ಇನ್ನೂ ಚಿಕ್ಕ ಸೆನ್ಸಾರ್‌ನ ಮೈಕ್ರೋ ಫೋರ್ ಥರ್ಡ್ಸ್ ಆದರೆ ಎರಡು ಪಟ್ಟು. ಅಂದರೆ ಎಪಿಎಸ್-ಸಿಯಲ್ಲಿ 16 ಎಂಎಂ ಹಾಕಿದರೆ ಕಾಣುವುದು 24ರಷ್ಟು.

ಯಾವುದರ ಮೇಲೆ ಅಳೆಯಬೇಕು

ಗಿಂಬಲ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಗೊತ್ತಾದರೆ ಅರ್ಧ ಗೊಂದಲ ಮುಗಿಯುತ್ತದೆ. ಅದರ ಮೂರು ಮೋಟಾರುಗಳು ಕ್ಯಾಮೆರಾ ತಿರುಗುವುದನ್ನು ತಡೆಯುತ್ತವೆ: ಎಡಬಲಕ್ಕೆ ತಿರುಗುವುದು, ಮುಖ ಮೇಲೆ ಕೆಳಗೆ ಮಾಡುವುದು, ಪಕ್ಕಕ್ಕೆ ವಾಲುವುದು. ಆದರೆ ನಡೆಯುವಾಗ ನಮ್ಮ ಇಡೀ ಮೈ ಒಂದೊಂದು ಹೆಜ್ಜೆಗೂ ಮೇಲೆದ್ದು ಕೆಳಗಿಳಿಯುತ್ತದೆ ಅಲ್ವಾ, ಆ ಏರಿಳಿತವನ್ನು ಮೂರು ಮೋಟಾರಿನ ಗಿಂಬಲ್ ತಡೆಯುವುದಿಲ್ಲ. ಅದು ನಮ್ಮ ಕಾಲಿನ ಕೆಲಸ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಮೊದಲು ಊರಿ ಮೆಲ್ಲ ಬೆರಳಿನವರೆಗೆ ಇಳಿಸಿ, ತುಂಬಿದ ಕೊಡ ಸೊಂಟದಲ್ಲಿಟ್ಟು ಬಾವಿಕಟ್ಟೆಯಿಂದ ಬರುವವರ ಹಾಗೆ ನಡೆಯಬೇಕು. ಲೆನ್ಸ್‌ನ ಮಾತು ಬರುವುದು ಇಲ್ಲೇ. ಅಷ್ಟೇ ದೂರದ ವಸ್ತುವಿನ ಮೇಲೆ ಅಷ್ಟೇ ಏರಿಳಿತ, 24 ಎಂಎಂಗಿಂತ 50ರಲ್ಲಿ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ, 85ರಲ್ಲಿ ಮೂರೂವರೆ ಪಟ್ಟು. ಹಾಗಂತ ಅಗಲ ಲೆನ್ಸ್ ಹಾಕಿದರೆ ಹೆಜ್ಜೆ ಪೂರ್ತಿ ಮಾಯವಾಗುವುದಿಲ್ಲ. ಫ್ರೇಮಿನಲ್ಲಿ ತೀರಾ ಹತ್ತಿರ ಒಂದು ಕುರ್ಚಿಯ ಬೆನ್ನೋ ನೆಲದ ಟೈಲ್ಸ್ ಗೆರೆಯೋ ಇದ್ದರೆ, ದೂರದ ಮಂಟಪ ಅಲುಗದೆ ನಿಂತಿದ್ದರೂ ಆ ಕುರ್ಚಿ ಮಾತ್ರ ಮೇಲೆ ಕೆಳಗೆ ಕುಣಿಯುತ್ತದೆ. ಆದ್ದರಿಂದ ಅಗಲ ಲೆನ್ಸ್‌ನಲ್ಲಿ ಶಾಟ್ ಶುರು ಮಾಡುವ ಮೊದಲು ಹತ್ತಿರದಲ್ಲಿ ಏನಿದೆ ಅಂತ ನೋಡಿ.

ಎರಡನೆಯದು ತೂಕ. ಗಿಂಬಲ್ ಎಷ್ಟು ಹೊರುತ್ತದೆ ಅನ್ನುವುದಕ್ಕಿಂತ ನಿಮ್ಮ ಮಣಿಕಟ್ಟು ಎಷ್ಟು ಹೊತ್ತು ಹೊರುತ್ತದೆ ಅನ್ನುವುದು ಮುಖ್ಯ. ಡಿಜೆಐ ಕಂಪನಿಯ ಗಿಂಬಲ್‌ಗಳಲ್ಲಿ ಆರ್‌ಎಸ್ 3 ಮಿನಿ ಎರಡು ಕೆಜಿವರೆಗೆ ಹೊರುತ್ತದೆ, ಆರ್‌ಎಸ್ 4 ಮೂರು ಕೆಜಿ, ಆರ್‌ಎಸ್ 4 ಪ್ರೊ ನಾಲ್ಕೂವರೆ. ಕಾಗದದ ಮೇಲೆ ಎಲ್ಲವೂ ಸಾಕು. ಆದರೆ ಸೋನಿ ಝಡ್‌ವಿ-ಇ10 ಕ್ಯಾಮೆರಾದ ಬಾಡಿ (ಲೆನ್ಸ್ ಬಿಟ್ಟು) 343 ಗ್ರಾಂ, ಅದಕ್ಕೆ ಸೋನಿಯ 11 ಎಂಎಂ ಎಫ್ 1.8 ಹಾಕಿದರೆ ಮತ್ತೆ 181 ಗ್ರಾಂ, ಒಟ್ಟು ಅರ್ಧ ಕೆಜಿ ಚಿಲ್ಲರೆ. ಅದೇ ಸೋನಿ ಎ7 4ಕ್ಕೆ 24-70 ಜಿಎಂ ಎರಡನೇ ಆವೃತ್ತಿ ಹಾಕಿ, ಒಂದು ಕೆಜಿ ಮುನ್ನೂರೈವತ್ತು ದಾಟುತ್ತದೆ. ಅದರ ಮೇಲೆ ಫಿಲ್ಟರ್, ಮೈಕ್, ಗಿಂಬಲ್‌ನದ್ದೇ ತೂಕ. ಬೆಳಗ್ಗೆ ಮದರಂಗಿ ಕೈ ತೆಗೆಯುವಾಗ ಗೊತ್ತಾಗುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೈ ನಡುಗಲು ಶುರುವಾಗುತ್ತದೆ, ಆ ನಡುಕ ಶಾಟಿನಲ್ಲಿ ಬರುತ್ತದೆ.

ಮೂರನೆಯದು ಉದ್ದ. ಝೂಮ್ ಮಾಡಿದಾಗ ಮೂತಿ ಹೊರಗೆ ಚಾಚುವ ಲೆನ್ಸ್ ಆದರೆ ತೂಕ ಮುಂದಕ್ಕೆ ಜಾರುತ್ತದೆ, ಬ್ಯಾಲೆನ್ಸ್ ತಪ್ಪುತ್ತದೆ. ಮೋಟಾರು ಅದನ್ನು ಹಿಡಿದು ನಿಲ್ಲಿಸಲು ಒದ್ದಾಡುತ್ತದೆ, ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಝೂಮ್ ಆಗದ, ಒಂದೇ ಉದ್ದದ ಪ್ರೈಮ್ ಲೆನ್ಸ್ ಆದರೆ ಒಮ್ಮೆ ಬ್ಯಾಲೆನ್ಸ್ ಮಾಡಿದರೆ ಮುಗಿಯಿತು. ಒಳಗೊಳಗೇ ಝೂಮ್ ಆಗುವ ಲೆನ್ಸ್‌ಗಳೂ ಇವೆ, ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ನಾಲ್ಕನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ: ಮುಂದೆ ಫಿಲ್ಟರ್ ತಿರುಗಿಸಿ ಹಾಕಲು ಆಗುತ್ತದಾ? ನಮ್ಮ ಕರಾವಳಿಯ ಬಿಸಿಲಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಹೊರಾಂಗಣ ವಿಡಿಯೋ ಸರಿಯಾಗಿ ಆಗುವುದಿಲ್ಲ. ಮುಂದಿನ ಗಾಜು ಉಬ್ಬಿಕೊಂಡಿರುವ ಕೆಲವು ತೀರಾ ಅಗಲ ಲೆನ್ಸ್‌ಗಳಿಗೆ ಮಾಮೂಲಿ ಫಿಲ್ಟರ್ ಕೂರುವುದಿಲ್ಲ. ಅಂಥದ್ದು ಎಷ್ಟೇ ಕಡಿಮೆಗೆ ಸಿಕ್ಕಿದರೂ ಗಿಂಬಲ್‌ಗೆ ಬೇಡ. ಲೆನ್ಸ್‌ಗೆ ಎಷ್ಟು ದುಡ್ಡು ಇಟ್ಟಿದ್ದೀರೋ ಅದರಲ್ಲಿ ಒಂದು ಒಳ್ಳೆಯ ಎನ್‌ಡಿಯ ದುಡ್ಡು ಮೊದಲೇ ತೆಗೆದಿಟ್ಟು ಉಳಿದದ್ದರಲ್ಲಿ ಲೆನ್ಸ್ ನೋಡಿ.

ತೀರಾ ಅಗಲ: 15ರಿಂದ 18

ಎಪಿಎಸ್-ಸಿ ಸೋನಿಗೆ 11 ಎಂಎಂ ಎಫ್ 1.8, ಕ್ಯಾನನ್ ಆರ್‌ಎಫ್ ಫುಲ್ ಫ್ರೇಮಿಗೆ 165 ಗ್ರಾಂನ 16 ಎಂಎಂ ಎಫ್ 2.8. ಇವು ಕೈಗೆ ಭಾರವೇ ಅಲ್ಲ. ಮುಂದೆ ನಡೆದರೆ ಸಾಕು, ಎರಡು ಬದಿಯ ಕಂಬಗಳು ಸರ್ರನೆ ಹಿಂದಕ್ಕೆ ಸರಿಯುತ್ತವೆ. ಉಡುಪಿಯ ರಥಬೀದಿಯಲ್ಲಿ ರಥ ಎಳೆಯುವಾಗ ಜನರ ಮಧ್ಯೆ ನಿಂತು ರಥದ ಬುಡದಿಂದ ತುದಿಯವರೆಗೆ ಒಂದೇ ಫ್ರೇಮಿನಲ್ಲಿ ತರಲು ಬೇರೆ ಲೆನ್ಸ್‌ನಿಂದ ಆಗುವುದಿಲ್ಲ, ಹಿಂದೆ ಸರಿಯಲು ಜಾಗವೇ ಇರುವುದಿಲ್ಲ.

ಆದರೆ ಇದಕ್ಕೆ ಕೊಡಬೇಕಾದ ಬೆಲೆ ಮುಖದಲ್ಲಿದೆ. ಫ್ರೇಮಿನ ಅಂಚಿಗೆ ಬಂದವರು ಅಡ್ಡಕ್ಕೆ ಎಳೆದ ಹಾಗೆ ಕಾಣುತ್ತಾರೆ. ಮದುಮಗಳ ಅಮ್ಮ ಅಂಚಿನಲ್ಲಿ ನಿಂತಿದ್ದರೆ ಆಲ್ಬಮ್ ನೋಡುವಾಗ ಖಂಡಿತ ಬೇಸರ ಮಾಡಿಕೊಳ್ಳುತ್ತಾರೆ. ಲೈಟ್ ಸ್ಟ್ಯಾಂಡ್, ಮೂಲೆಯಲ್ಲಿ ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿ, ನಿಮ್ಮದೇ ನೆರಳು, ಎಲ್ಲವೂ ಫ್ರೇಮಿಗೆ ಬರುತ್ತದೆ. ಮತ್ತೆ ಬಾಡಿಯೊಳಗಿನ ಸ್ಟೆಬಿಲೈಸೇಶನ್ (ಅಲುಗಾಟ ತಗ್ಗಿಸುವ ವ್ಯವಸ್ಥೆ) ಆನ್ ಇದ್ದರೆ ಇಷ್ಟು ಅಗಲದಲ್ಲಿ ನಡೆಯುವಾಗ ಮೂಲೆಗಳು ಜೆಲ್ಲಿಯಂತೆ ಅಲುಗಾಡಬಹುದು. ಆಫ್ ಮಾಡಿ.

20ರಿಂದ 24: ಮೊದಲ ಲೆನ್ಸ್

ಒಂದೇ ಲೆನ್ಸ್ ಅಂದರೆ ನಾನು ಇದನ್ನೇ ಹೇಳುವುದು. ಹೆಜ್ಜೆಯ ಏರಿಳಿತವನ್ನು ಸಾಕಷ್ಟು ಮರೆಸುವಷ್ಟು ಅಗಲ ಇದೆ, ಮನುಷ್ಯರು ಮನುಷ್ಯರಂತೆ ಕಾಣುವಷ್ಟು ಹದವೂ ಇದೆ. ಎಪಿಎಸ್-ಸಿಯಲ್ಲಿ ಸಿಗ್ಮಾ 16 ಎಂಎಂ ಎಫ್ 1.4 ಬಹಳ ವರ್ಷದಿಂದ ಓಡುತ್ತಿರುವ ಲೆನ್ಸ್, ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತದೆ. ತೂಕ 405 ಗ್ರಾಂ, ಉದ್ದವೂ ಸ್ವಲ್ಪ ಜಾಸ್ತಿ. ಹಗುರ ಕ್ಯಾಮೆರಾಗೆ ಹಾಕಿದಾಗ ಮೂತಿ ಭಾರವಾಗುತ್ತದೆ, ಕ್ಯಾಮೆರಾ ಕೂರಿಸುವ ಪ್ಲೇಟನ್ನು ಪೂರ್ತಿ ಹಿಂದಕ್ಕೆ ಎಳೆಯಬೇಕಾಗಬಹುದು. ದುಡ್ಡು ಇದ್ದವರಿಗೆ ಸೋನಿ 15 ಎಂಎಂ ಎಫ್ 1.4 ಇದೆ, 219 ಗ್ರಾಂ. ಫುಲ್ ಫ್ರೇಮಿನಲ್ಲಿ ಸೋನಿ 20 ಎಂಎಂ ಎಫ್ 1.8, 373 ಗ್ರಾಂ.

ಹಾಲ್‌ನ ಒಳಗೆ ಕತ್ತಲೆಯಲ್ಲಿ ಎಫ್ 1.8 ಕೆಲಸಕ್ಕೆ ಬರುತ್ತದೆ, ಹೊರಗೆ ಎಫ್ 4ಕ್ಕೆ ಇಳಿಸಿ ಆರಾಮವಾಗಿ ನಡೆಯಬಹುದು. ಹಿನ್ನೆಲೆ ಬೆಣ್ಣೆಯಂತೆ ಮಸುಕಾಗಬೇಕು ಅಂದರೆ ಮಾತ್ರ ಇದು ನಿರಾಸೆ ಮಾಡುತ್ತದೆ. ಆ ಕೆಲಸಕ್ಕೆ ಇನ್ನೊಂದು ಲೆನ್ಸ್ ಬೇಕು.

35, ಮತ್ತೆ 50, 85

35 ಎರಡನೇ ಲೆನ್ಸ್. ಮದುಮಗ ಮುಂಡಾಸು ಕಟ್ಟಿಸಿಕೊಳ್ಳುವುದು, ಕ್ರೈಸ್ತರ ಮದುವೆಗೆ ಮೊದಲಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವ ಕೈಗಳು, ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕನ್ನಡಿ ಹಿಡಿದು ಬಣ್ಣ ಹಾಕುವ ವೇಷಧಾರಿ. ಇಂಥಲ್ಲೆಲ್ಲ ನಾವು ಹೆಚ್ಚು ನಡೆಯುವುದಿಲ್ಲ, ಮೆಲ್ಲ ಪಕ್ಕಕ್ಕೆ ಜಾರುತ್ತೇವೆ ಅಥವಾ ಒಂದೆರಡು ಹೆಜ್ಜೆ ಹತ್ತಿರ ಹೋಗುತ್ತೇವೆ. 35 ಎಂಎಂ ಎಫ್ 1.8 ಅಲ್ಲಿ ತುಂಬ ಚೆನ್ನಾಗಿ ಕೂರುತ್ತದೆ. ಉದ್ದ ನಡಿಗೆಗೆ ಮಾತ್ರ ಅಭ್ಯಾಸ ಬೇಕು.

50 ಹಾಕಿ ನಡೆದು ಬಂದ ಶಾಟ್ ಸ್ಥಿರವಾಗಿ ಬರುವುದಿಲ್ಲ ಅಂತ ಗಿಂಬಲ್ ಬೈಯುವವರು ಬಹಳ. ಗಿಂಬಲ್ ತಪ್ಪಲ್ಲ ಮಾರಾಯ್ರೆ. 50ರಲ್ಲಿ ಜೋಡಿಯ ಸುತ್ತ ಅರ್ಧ ಚಂದ್ರದಂತೆ ಸುತ್ತಿ, ಹಿನ್ನೆಲೆ ಸರಿಯುವುದು ಎಷ್ಟು ಚಂದ ಕಾಣುತ್ತದೆ ನೋಡಿ. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು ಅರ್ಧ ವೇಗಕ್ಕೆ ಇಳಿಸಿದರೆ ಹೆಜ್ಜೆಯೂ ಮೆತ್ತಗಾಗುತ್ತದೆ. 85 ಅಂದರೆ ನಿಂತಲ್ಲೇ ನಿಂತು ಮೆಲ್ಲ ತಿರುಗಿಸುವ ಕೆಲಸಕ್ಕೆ ಮಾತ್ರ. ಲೆನ್ಸ್‌ನಲ್ಲೇ ಸ್ಟೆಬಿಲೈಸೇಶನ್ ಇದ್ದರೆ 50, 85ರಲ್ಲಿ ಅದನ್ನು ಆನ್ ಇಟ್ಟು ನೋಡಿ, ಸಣ್ಣ ನಡುಕಕ್ಕೆ ಸಹಾಯ ಆಗುತ್ತದೆ.

ಝೂಮ್ ಬೇಕೇ ಬೇಕು ಅನ್ನುವವರಿಗೆ

ಮದುವೆಯಲ್ಲಿ ಲೆನ್ಸ್ ಬದಲಿಸುವಷ್ಟು ಹೊತ್ತು ಸಿಗುವುದಿಲ್ಲ, ನಿಜ. ತಾಳಿ ಕಟ್ಟುವ ಕ್ಷಣ ನಿಮಗೋಸ್ಕರ ನಿಲ್ಲುವುದಿಲ್ಲ. ಅದಕ್ಕೇ 24-70 ಎಫ್ 2.8 ಎಲ್ಲರಿಗೂ ಆಸೆ. ಒಬ್ಬರೇ ಇಡೀ ಮದುವೆ ತೆಗೆಯುವುದಾದರೆ ಅದು ಸರಿಯಾದ ಲೆನ್ಸ್, ನಾನು ಮೊದಲು ಹೇಳಿದ ಮಾತು ಹೊಂದದಿರುವುದು ಇವರಿಗೇ. ಆದರೆ ಎರಡು ಷರತ್ತು. ಒಂದು, ಆರ್‌ಎಸ್ 4ರಷ್ಟಾದರೂ ಗಟ್ಟಿ ಗಿಂಬಲ್ ಇರಲಿ. ಎರಡು, 35ರ ಆಸುಪಾಸಿನಲ್ಲಿಟ್ಟು ಬ್ಯಾಲೆನ್ಸ್ ಮಾಡಿ, ಆಗ 24ಕ್ಕೆ ಹೋದರೂ 50ಕ್ಕೆ ಹೋದರೂ ಮೋಟಾರಿಗೆ ದೊಡ್ಡ ಹೊರೆ ಆಗುವುದಿಲ್ಲ. 70ರಲ್ಲಿ ಉದ್ದ ಶಾಟ್ ಬೇಕಿದ್ದರೆ ಮತ್ತೆ ಬ್ಯಾಲೆನ್ಸ್ ಮಾಡಲೇಬೇಕು.

ಎಪಿಎಸ್-ಸಿಯವರಿಗೆ ಸಿಗ್ಮಾ 18-50 ಎಫ್ 2.8 ಇದೆ. 290 ಗ್ರಾಂ ಅಷ್ಟೆ, ಚಾಚಿದರೂ ತೂಕ ಕಡಿಮೆ ಆದ್ದರಿಂದ ಗಿಂಬಲ್ ಸುಧಾರಿಸಿಕೊಳ್ಳುತ್ತದೆ. ಶುರು 18, ಅಂದರೆ 27ರ ಲೆಕ್ಕ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗಿದ ಮೇಲೂ ಸಾಲದೆ ಹೋಗುತ್ತದೆ.

ನನಗೆ ಹೆಚ್ಚು ಇಷ್ಟವಾದವು ಒಳಗೇ ಝೂಮ್ ಆಗುವವು. ಟ್ಯಾಮ್ರಾನ್ 17-28 ಎಫ್ 2.8 ಫುಲ್ ಫ್ರೇಮ್ ಸೋನಿಗೆ, 420 ಗ್ರಾಂ, ಎಲ್ಲಿಗೆ ತಿರುಗಿಸಿದರೂ ಉದ್ದ ಅಷ್ಟೇ. ನಿಕಾನ್‌ನವರಿಗೆ ಇದೇ ಅಳತೆಯ ಝಡ್ 17-28 ಎಫ್ 2.8 ಇದೆ. ಸೋನಿ 16-35 ಎಫ್ 4 ಪವರ್ ಝೂಮ್ 353 ಗ್ರಾಂ, ಎಪಿಎಸ್-ಸಿಗೆ 10-20 ಎಫ್ 4 ಪವರ್ ಝೂಮ್ ಬರೇ 178 ಗ್ರಾಂ. ಪವರ್ ಝೂಮ್ ಆದ್ದರಿಂದ ಲೆನ್ಸ್ ಮುಟ್ಟದೆ ಝೂಮ್ ಮಾಡಬಹುದು. ಇದರ ಕೊರತೆ ಬೆಳಕು. ಎಫ್ 4 ಹಗಲಿಗೆ ಧಾರಾಳ, ಆದರೆ ರಾತ್ರಿ ಮೆಹಂದಿ ಫಂಕ್ಷನ್‌ನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹೆಚ್ಚಿಸಿ ತೋರಿಸುವ ಮಟ್ಟ) ಏರಿಸಲೇಬೇಕು, ಹಳೆಯ ಎಪಿಎಸ್-ಸಿ ಬಾಡಿ ಆದರೆ ಕಾಳುಕಾಳು ಬರುತ್ತದೆ.

ಕ್ಯಾಮೆರಾ ಜೊತೆ ಬಂದ 16-50 ಕಿಟ್ ಲೆನ್ಸ್ ಇದೆಯಾ? ಅದನ್ನು ಕೀಳಾಗಿ ನೋಡಬೇಡಿ. ಕ್ಯಾಮೆರಾ ಆನ್ ಮಾಡಿದಾಗ ಮೂತಿ ಹೊರಗೆ ಬರುತ್ತದೆ, ಆದ್ದರಿಂದ ಆನ್ ಮಾಡಿಯೇ ಬ್ಯಾಲೆನ್ಸ್ ಮಾಡಿ. ಹಗಲಿನಲ್ಲಿ 16ರಲ್ಲಿಟ್ಟು ಒಳ್ಳೆಯ ಎನ್‌ಡಿ ಹಾಕಿ ತೆಗೆದ ವಿಡಿಯೋ, ಎನ್‌ಡಿ ಇಲ್ಲದೆ ದುಬಾರಿ ಲೆನ್ಸ್‌ನಲ್ಲಿ ತೆಗೆದದ್ದಕ್ಕಿಂತ ಚೆನ್ನಾಗಿರುತ್ತದೆ.

ರೀಲ್ಸ್‌ಗೆ ಮಾತ್ರ ಅಂದರೆ ಲೆನ್ಸ್ ಬದಲಿಸುವ ಕ್ಯಾಮೆರಾವೇ ಬೇಕಿಲ್ಲ. ಡಿಜೆಐ ಓಸ್ಮೋ ಪಾಕೆಟ್ 3 ತೂಕ 179 ಗ್ರಾಂ, ಒಂದು ಇಂಚಿನ ಸೆನ್ಸಾರ್, 20 ಎಂಎಂ ಎಫ್ 2 ಲೆನ್ಸ್. ಕುದ್ರೋಳಿ ದಸರಾದ ಜನಸಂದಣಿಯಲ್ಲಿ ದೊಡ್ಡ ಗಿಂಬಲ್ ಎತ್ತಲು ಕಷ್ಟ, ಇದು ಜೇಬಿನಿಂದ ಹೊರಬರುತ್ತದೆ. ಫೋನ್ ಗಿಂಬಲ್ ಆದರೆ ಮುಖ್ಯ ಲೆನ್ಸ್‌ನಲ್ಲೇ ತೆಗೆಯಿರಿ, ಅಲ್ಟ್ರಾ ವೈಡ್ ಬೆಳಕು ಕಡಿಮೆ ಇದ್ದಲ್ಲಿ ಬೇಗ ಸೋಲುತ್ತದೆ.

ಸೆಟ್ಟಿಂಗ್

ಮೆನುವಿನಲ್ಲಿ ಮೊದಲು ಪಿಎಎಲ್ (ಸೆಕೆಂಡಿಗೆ 25, 50 ಫ್ರೇಮ್‌ನ ಪದ್ಧತಿ) ಆರಿಸಿ. ನಮ್ಮ ಕರೆಂಟ್ 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್‌ಗೆ ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್, 50 ಫ್ರೇಮ್‌ಗೆ 1/100. ಈ ಎರಡರಲ್ಲಿ ಹಾಲ್‌ನ ಟ್ಯೂಬ್‌ಲೈಟ್ ಮಿನುಗುವುದಿಲ್ಲ, ಚಲನೆಯ ಮಸುಕೂ ಕಣ್ಣಿಗೆ ಹಿತವಾಗಿರುತ್ತದೆ. 30 ಫ್ರೇಮ್, 1/60 ಇಟ್ಟರೆ ಗೋಡೆಯ ಮೇಲೆ ಕಪ್ಪು ಪಟ್ಟಿ ತೆವಳುವುದು ಕಾಣಬಹುದು. ಕೆಲವು ಅಗ್ಗದ ಸೀರಿಯಲ್ ಎಲ್‌ಇಡಿಗಳು 1/50ರಲ್ಲೂ ಮಿನುಗುತ್ತವೆ. ಕಾರ್ಯಕ್ರಮ ಶುರುವಾಗುವ ಮೊದಲು ಹತ್ತು ಸೆಕೆಂಡ್ ತೆಗೆದು ಸ್ಕ್ರೀನಿನಲ್ಲಿ ನೋಡಿ.

ಹೊರಗೆ ಬಿಸಿಲಲ್ಲಿ ಇದೇ 1/50 ಇಡಬೇಕಾದರೆ ಲೆಕ್ಕ ಹೀಗೆ. ಐಎಸ್‌ಒ 100ರಲ್ಲಿ ನಡು ಮಧ್ಯಾಹ್ನದ ಬಿಸಿಲಿಗೆ ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್ 22 ಬೇಕಾಗುತ್ತದೆ. ಅದನ್ನು ಎಫ್ 4ಕ್ಕೆ ತರಲು ಐದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು), ಅಂದರೆ ಎನ್‌ಡಿ 32. ಎಫ್ 2.8 ಬೇಕಿದ್ದರೆ ಎನ್‌ಡಿ 64. ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ತೆಗೆಯುವ ಮೋಡ್) ಐಎಸ್‌ಒ 800ರಿಂದ ಶುರು ಆಗುವ ಕ್ಯಾಮೆರಾ ಆದರೆ ಇನ್ನೂ ಮೂರು ಸ್ಟಾಪ್ ಸೇರಿಸಿ, ಎಫ್ 4ಕ್ಕೇ ಎನ್‌ಡಿ 256. ಅದಕ್ಕೇ ಹೊಸಬರಿಗೆ ಪಣಂಬೂರು, ಮಲ್ಪೆ ಬೀಚಿನಲ್ಲಿ ಲಾಗ್ ಬೇಡ ಅನ್ನುತ್ತೇನೆ.

ತಿರುಗಿಸುವ ವೇರಿಯಬಲ್ ಎನ್‌ಡಿ ಅನುಕೂಲ. ಆದರೆ ಅಗಲ ಲೆನ್ಸ್‌ನಲ್ಲಿ ತುದಿಯವರೆಗೆ ತಿರುಗಿಸಿದರೆ ಫ್ರೇಮಿನ ಮೇಲೆ ಇಂಟು ಗುರುತಿನಂತೆ ಕಪ್ಪು ಬೀಳುತ್ತದೆ. ಆಕಾಶದ ಒಂದು ಭಾಗ ಕಡು ನೀಲಿ, ಇನ್ನೊಂದು ತೆಳು ಆಗುವುದೂ ಉಂಟು. 20ಕ್ಕಿಂತ ಅಗಲ ಲೆನ್ಸ್ ಇರುವವರಿಗೆ ಒಂದೇ ಅಳತೆಯ ಎನ್‌ಡಿಯೇ ಉತ್ತಮ. ಫಿಲ್ಟರನ್ನು ನಿಮ್ಮ ದೊಡ್ಡ ಲೆನ್ಸ್‌ನ ಅಳತೆಗೆ ತಗೊಳ್ಳಿ, ಚಿಕ್ಕದಕ್ಕೆ ಅಳತೆ ಹೊಂದಿಸುವ ಸ್ಟೆಪ್ ಅಪ್ ರಿಂಗ್ ಸಾಕು. ಫಿಲ್ಟರ್ ಹಾಕಿ, ಕ್ಯಾಪ್ ತೆಗೆದು, ಬ್ಯಾಟರಿ ಕಾರ್ಡ್ ಹಾಕಿದ ಮೇಲೆಯೇ ಬ್ಯಾಲೆನ್ಸ್ ಮಾಡುವುದು.

ಫೋಕಸ್ ವಿಷಯದಲ್ಲಿ ಹುಲಿವೇಷವೇ ಒಳ್ಳೆಯ ಉದಾಹರಣೆ. ತಾಸೆ ವಾದ್ಯದ ಪೆಟ್ಟಿಗೆ ಹುಲಿ ಮೂರು ಮೀಟರ್ ದೂರದಿಂದ ಒಂದೇ ನೆಗೆತಕ್ಕೆ ಲೆನ್ಸ್‌ನ ಮುಂದೆ ಬಂದು ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೊಂದು ಹುಲಿ, ಮಧ್ಯೆ ಜನರ ಕೈ, ಫೋನು. ಎಫ್ 1.4ರಲ್ಲಿ ಆಟೋ ಫೋಕಸ್ ನಂಬಿದರೆ ಅದು ಯಾರ ಹಿಂದೆ ಓಡಬೇಕು ಅಂತ ತಿಳಿಯದೆ ಹಿಂದೆ ಮುಂದೆ ಆಗುತ್ತಿರುತ್ತದೆ. ಎಪಿಎಸ್-ಸಿಯಲ್ಲಿ 16 ಎಂಎಂ ಲೆನ್ಸನ್ನು ಎಫ್ 5.6ಕ್ಕೆ ಇಳಿಸಿ, ಮ್ಯಾನ್ಯುವಲ್‌ನಲ್ಲಿ 2.3 ಮೀಟರ್‌ಗೆ ಫೋಕಸ್ ಇಟ್ಟುಬಿಡಿ. ಸುಮಾರು ಒಂದೂಕಾಲು ಮೀಟರ್‌ನಿಂದ ದೂರದ ಕಟ್ಟಡದವರೆಗೆ ಎಲ್ಲವೂ ಸ್ಪಷ್ಟ. ಫುಲ್ ಫ್ರೇಮ್ 24 ಎಂಎಂ ಆದರೆ ಎಫ್ 8, 2.4 ಮೀಟರ್. ಆಮೇಲೆ ಫೋಕಸ್ ಮರೆತು ಹೆಜ್ಜೆ ಮತ್ತು ಫ್ರೇಮ್ ಮಾತ್ರ ನೋಡಿಕೊಳ್ಳಿ. ಹುಲಿಯ ಮೈಮೇಲಿನ ಪಟ್ಟೆಯ ಅಂಚು ಎಷ್ಟು ಚೂಪಾಗಿ ಬರುತ್ತದೆ ನೋಡಿ. ಅಗಲ ಲೆನ್ಸ್‌ನ ಈ ಲಾಭವನ್ನು 50ರಲ್ಲಿ ಎಷ್ಟು ದುಡ್ಡು ಕೊಟ್ಟರೂ ಪಡೆಯಲು ಆಗುವುದಿಲ್ಲ.

ದಿಬ್ಬಣ ಬಿಸಿಲಿನಿಂದ ಹಾಲ್‌ನೊಳಗೆ ಬರುವ ಶಾಟ್‌ಗೆ ಶಟರ್, ಅಪರ್ಚರ್ ಕಟ್ಟಿಹಾಕಿ ಐಎಸ್‌ಒ ಮಾತ್ರ ಆಟೋದಲ್ಲಿ ಬಿಡಿ, ಮೇಲಿನ ಮಿತಿ ಹಾಕಿ. ವೈಟ್ ಬ್ಯಾಲೆನ್ಸ್ ಮಾತ್ರ ಆಟೋ ಬೇಡ, ನಡೆಯುತ್ತಾ ಹೋದಂತೆ ಚಿನ್ನದ ಬಣ್ಣ ಬದಲಾಗುತ್ತದೆ.

ಗಿಂಬಲ್‌ನಲ್ಲಿ ಎಡಬಲ ಮಾತ್ರ ಹಿಂಬಾಲಿಸುವ ಮೋಡ್ ಇಟ್ಟರೆ ಹೆಚ್ಚಿನ ಕೆಲಸ ಆಗುತ್ತದೆ. ಮೆಟ್ಟಿಲು ಹತ್ತುವಾಗ, ರಥದ ತುದಿ ತೋರಿಸುವಾಗ ಮೇಲೆ ಕೆಳಗಿನದ್ದೂ ಆನ್ ಮಾಡಿ. ವೇಗ ಆದಷ್ಟು ಕಡಿಮೆ ಇರಲಿ, 35ರ ಮೇಲಾದರೆ ಇನ್ನೂ ಕಡಿಮೆ. 25 ಫ್ರೇಮ್‌ನಲ್ಲಿ ಒಂದು ವಸ್ತು ಫ್ರೇಮಿನ ಈ ಬದಿಯಿಂದ ಆ ಬದಿಗೆ ಹೋಗಲು ಸುಮಾರು 7 ಸೆಕೆಂಡ್ ತಗೊಂಡರೆ ಚಿತ್ರ ಎಗರುವುದಿಲ್ಲ. ಕ್ಯಾಮೆರಾದ ಡಿಜಿಟಲ್ ಸ್ಟೆಬಿಲೈಸೇಶನ್ ಆಫ್ ಇರಲಿ, ಅದು ಫ್ರೇಮನ್ನು ಕತ್ತರಿಸಿ ನೀವು ದುಡ್ಡು ಕೊಟ್ಟ ಅಗಲವನ್ನೇ ತಿನ್ನುತ್ತದೆ.

ಹಾಗಾದರೆ ಯಾರಿಗೆ ಯಾವುದು

ಒಬ್ಬರೇ ಮದುವೆ ತೆಗೆಯುವವರಿಗೆ 24-70, ಎಪಿಎಸ್-ಸಿ ಆದರೆ 18-50. ಇಬ್ಬರಿದ್ದು ಇನ್ನೊಬ್ಬರು ಟ್ರೈಪಾಡ್‌ನಲ್ಲಿದ್ದರೆ ಗಿಂಬಲ್ ಹಿಡಿದವರಿಗೆ 20 ಅಥವಾ 24 ಪ್ರೈಮ್ ಸಾಕು, ಉಳಿದ ದುಡ್ಡಿಗೆ 35. ಹೋಂಸ್ಟೇ, ಮನೆ ಮಾರಾಟದ ವಿಡಿಯೋಗೆ 10-20 ಅಥವಾ 17-28 ಝೂಮ್. 15ರಲ್ಲೇ ಇಡೀ ಮನೆ ತೋರಿಸಬೇಡಿ, ಕೋಣೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಬಂದ ಅತಿಥಿ ಮಾಲೀಕರನ್ನು ಕೇಳುತ್ತಾರೆ.

ಕಂಬಳಕ್ಕೆ ಗಿಂಬಲ್ ಬೇಕು ಅಂತ ಕೇಳುವವರಿದ್ದಾರೆ. ಓಟಕ್ಕೆ ಬೇಡ. ಕರೆಯ (ಕೋಣ ಓಡುವ ಕೆಸರಿನ ಗದ್ದೆ) ಪಕ್ಕ ಕೋಣದ ಜೊತೆ ಓಡಲು ಯಾರಿಂದಲೂ ಆಗುವುದಿಲ್ಲ. ಮಂಜೊಟ್ಟಿ, ಅಂದರೆ ಓಟ ಮುಗಿಯುವ ಕಡೆ ನಿಂತು ಮೊನೊಪಾಡ್ ಮೇಲೆ 70-200 ಹಾಕಿ, 100 ಫ್ರೇಮ್, ಶಟರ್ 1/200. ಗಿಂಬಲ್ ಮತ್ತು 35 ಬೇಕಾಗುವುದು ಕೋಣಗಳನ್ನು ವಾದ್ಯದೊಂದಿಗೆ ಕರೆಗೆ ಇಳಿಸುವಾಗ. ಯಕ್ಷಗಾನದ ರಂಗಸ್ಥಳದ ಮುಂದೆಯೂ ಗಿಂಬಲ್ ಹಿಡಿದು ಓಡಾಡುವುದು ಬೇಡ, ಹಿಂದೆ ಕುಳಿತವರು ಆಟ ನೋಡಲು ಬಂದವರು. ಚೌಕಿಗೆ ಹೋಗುವುದಾದರೆ ಮೇಳದವರನ್ನು ಕೇಳಿಯೇ ಹೋಗಿ. ದೈವದ ಕೋಲ, ನೇಮದಲ್ಲಿ ಮನೆಯವರು ಬೇಡ ಅಂದರೆ ಕ್ಯಾಮೆರಾ ಚೀಲದಿಂದ ತೆಗೆಯಲೇಬೇಡಿ.

ಇಷ್ಟಾದ ಮೇಲೂ ಎರಡರ ಮಧ್ಯೆ ತೂಗುತ್ತಿದ್ದರೆ ಒಂದು ದಿನಕ್ಕೆ ಬಾಡಿಗೆಗೆ ತಗೊಳ್ಳಿ. ನಿಮ್ಮದೇ ಬಾಡಿ, ನಿಮ್ಮದೇ ಗಿಂಬಲ್, ನಿಮ್ಮದೇ ಫಿಲ್ಟರ್ ಹಾಕಿ ನೋಡಿ. ಮೋಟಾರು ಆಫ್ ಇದ್ದಾಗ ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿ ಬಿಟ್ಟರೆ ಅಲ್ಲೇ ನಿಲ್ಲುತ್ತದಾ? ಪ್ಲೇಟ್‌ನಲ್ಲಿ ಇನ್ನೂ ಸರಿಸಲು ಜಾಗ ಉಳಿದಿದೆಯಾ? ಅರ್ಧ ಗಂಟೆ ಹಿಡಿದ ಮೇಲೆ ಮಣಿಕಟ್ಟು ಹೇಗಿದೆ? ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಟಾರ್ಚ್ ಹಾಕಿ ಗಾಜಿನ ಒಳಗೆ ನೋಡಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಲೆನ್ಸ್‌ಗೆ ಫಂಗಸ್ ಹಿಡಿಯುವುದು ಮಾಮೂಲು, ಬಿಳಿ ನೂಲಿನಂಥ ಎಳೆ ಕಂಡರೆ ಎಷ್ಟು ಕಡಿಮೆ ಹೇಳಿದರೂ ಬಿಟ್ಟುಬಿಡಿ.